ದಪ್ಪ ಬ್ಲ್ಯಾಕ್‌ಲೆಟರ್ ಅಕ್ಷರ ಅಂಗಡಿ ಬೋರ್ಡಿಗೆ ಹಾಕಬಹುದಾ? ಬಳಸಿದವರು ಹೇಳಿ

ಪ್ರಶ್ನೆ: ಬೆಂಗಳೂರಿನಲ್ಲಿ ಜರ್ಮನ್ ಬ್ರೆಡ್ ಮಾಡುವ ಒಂದು ಬೇಕರಿಗೆ ಬೋರ್ಡು, ಪೇಪರ್ ಕವರ್, ಕೆಲಸದ ಹುಡುಗರ ಟಿ-ಶರ್ಟ್ ಡಿಸೈನ್ ಮಾಡುತ್ತಿದ್ದೇನೆ. ಮಾಲೀಕರಿಗೆ ಹಳೇ ಜರ್ಮನ್ ಪುಸ್ತಕಗಳ ಆ ದಪ್ಪ, ಚೂಪು ಅಕ್ಷರವೇ ಬೇಕಂತೆ. ಫೆಟ್ಟೆ ಫ್ರಾಕ್ಟೂರ್ ಅನ್ನುವ ಬ್ಲ್ಯಾಕ್‌ಲೆಟರ್ ಫಾಂಟ್ ತೋರಿಸಿದೆ, ತುಂಬಾ ಹಿಡಿಸಿತು. ಅಂಗಡಿ ಹೆಸರು ಇಂಗ್ಲಿಷಿನ 'ಎ' ಅಕ್ಷರದಿಂದ ಶುರುವಾಗುತ್ತದೆ. ಏನೇನು ನೋಡಿಕೊಳ್ಳಬೇಕು?

ಲೇಬಲ್, ಲೋಗೋ ಕೆಲಸ ಮಾಡುವವರು:
ಮೊದಲು ಆ 'ಎ' ನೋಡಿ. ಫೆಟ್ಟೆ ಫ್ರಾಕ್ಟೂರ್‌ನ ದೊಡ್ಡ 'ಎ' ನಮ್ಮ ಕಣ್ಣಿಗೆ 'ಯು' ಥರ ಕಾಣುತ್ತದೆ. ಜನ ಅಂಗಡಿ ಹೆಸರನ್ನೇ ತಪ್ಪಾಗಿ ಓದುತ್ತಾರೆ. ದೊಡ್ಡ 'ಬಿ' ಮತ್ತು 'ವಿ' ನಡುವೆಯೂ ಗೊಂದಲ ಆಗುತ್ತದೆ. ಫಾಂಟಿನ ಎ ಇಂದ ಝಡ್ ತನಕ ನೋಡಿ ಮೆಚ್ಚಿಕೊಳ್ಳಬೇಡಿ. ನಿಮ್ಮ ಹೆಸರನ್ನೇ ಟೈಪ್ ಮಾಡಿ, ಈ ಅಕ್ಷರದ ಪರಿಚಯವೇ ಇಲ್ಲದ ಯಾರಿಗಾದರೂ ತೋರಿಸಿ ಓದಿಸಿ.

ಇನ್ನೊಂದು ವಿಷಯ. ಇದು ಪುಸ್ತಕದ ಅಕ್ಷರ ಅಲ್ಲ. 1450ರ ದಶಕದಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದಾಗ ಬಳಸಿದ್ದು ಟೆಕ್ಸ್ಟೂರಾ ಅನ್ನುವ ಬ್ಲ್ಯಾಕ್‌ಲೆಟರ್. ಅದು ಆಗಿನ ಬರಹಗಾರರ ಕೈಬರಹವನ್ನೇ ಹೋಲುತ್ತದೆ. ಅಗಲ ಮೂತಿಯ ಪೆನ್ನನ್ನು ಓರೆ ಹಿಡಿದು ಎಳೆದರೆ ಬರುವ ದಪ್ಪ ನೇರ ಗೆರೆ, ಮೇಲೆ ಕೆಳಗೆ ವಜ್ರದಂಥ ತುದಿ. ಫೆಟ್ಟೆ ಫ್ರಾಕ್ಟೂರ್ ಬಂದಿದ್ದು ತುಂಬಾ ಆಮೇಲೆ, 1850ರ ಸುಮಾರಿಗೆ. ಪೋಸ್ಟರು, ಜಾಹೀರಾತಿನಲ್ಲಿ ದೂರದಿಂದ ಕಣ್ಣು ಸೆಳೆಯುವಂಥ ಅಕ್ಷರ. ಹಾಗಾಗಿ ಬೋರ್ಡಿಗೆ ಚೆನ್ನಾಗಿ ಹೊಂದುತ್ತದೆ, ಬ್ರೆಡ್ಡಿನ ಪಟ್ಟಿ ಬರೆಯೋಕೆ ಖಂಡಿತ ಬೇಡ. ಒಂದು ಅಥವಾ ಎರಡು ಪದ, ಅಷ್ಟೇ. ಬೆಲೆ, ವಿಳಾಸ, ಫೋನ್ ನಂಬರ್ ಎಲ್ಲಾ ಸಾದಾ ಅಕ್ಷರದಲ್ಲಿರಲಿ.

ಪೂರ್ತಿ ಕ್ಯಾಪಿಟಲ್‌ನಲ್ಲಿ ಮಾತ್ರ ಬರೆಯಬೇಡಿ. ಸುತ್ತಿಕೊಂಡ ದೊಡ್ಡ ಅಕ್ಷರಗಳು ಸಾಲಾಗಿ ನಿಂತರೆ ಯಾರಿಗೂ ಓದೋಕಾಗಲ್ಲ. ಮೊದಲನೆಯದು ದೊಡ್ಡದು, ಉಳಿದದ್ದು ಚಿಕ್ಕವು. ಅಕ್ಷರಗಳ ನಡುವೆ ಜಾಸ್ತಿ ಜಾಗವೂ ಬೇಡ. ಅಕ್ಷರದ ಒಳಗಿನ ಬಿಳಿ, ಎರಡು ಅಕ್ಷರಗಳ ನಡುವಿನ ಬಿಳಿ ಹೆಚ್ಚುಕಮ್ಮಿ ಒಂದೇ ಇದ್ದಾಗಲೇ ಇದರ ಅಂದ.

'ಎ' ಸಮಸ್ಯೆಗೆ ಎರಡು ದಾರಿ ಇದೆ. ಕ್ಲಾಯ್ಸ್ಟರ್ ಬ್ಲ್ಯಾಕ್ ಥರದ ಓಲ್ಡ್ ಇಂಗ್ಲಿಷ್ ಜಾತಿಯ ಅಕ್ಷರದಲ್ಲಿ 'ಎ' ಗುರುತು ಹಿಡಿಯೋದು ಸುಲಭ. ಆದರೆ ಅದನ್ನು ನೋಡಿದರೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಲೆಬರಹವೋ ಪದವಿ ಪತ್ರವೋ ನೆನಪಾಗುತ್ತದೆ, ಬೇಕರಿಯಲ್ಲ. ನಾನಾಗಿದ್ದರೆ ಫೆಟ್ಟೆ ಫ್ರಾಕ್ಟೂರ್ ಇಟ್ಟುಕೊಂಡು ಆ ಒಂದು 'ಎ' ಮಾತ್ರ ಅದೇ ದಪ್ಪದಲ್ಲಿ ಹೊಸದಾಗಿ ಬಿಡಿಸುತ್ತಿದ್ದೆ.

ಹುಬ್ಬಳ್ಳಿಯ ಸ್ಕ್ರೀನ್ ಪ್ರಿಂಟಿಂಗ್‌ನವರು:
ಮೇಲಿನವರು ಹೇಳಿದ್ದು ಸರಿ. ಪ್ರಿಂಟಿನ ಕಡೆಯಿಂದ ನಾನು ಹೇಳ್ತೀನಿ. ಈ ಅಕ್ಷರದ ದಪ್ಪ ಗೆರೆ ತೊಂದರೆ ಕೊಡಲ್ಲ. ಅದರ ಒಳಗಿನ ಸಣ್ಣ ಸಂದು, ಕೂದಲಿನಷ್ಟು ತೆಳು ಗೆರೆ, ಇವೆರಡೇ ತಲೆನೋವು. ಕಂದು ಕ್ರಾಫ್ಟ್ ಪೇಪರ್ ಇಂಕ್ ಹೀರಿಕೊಂಡು ಹರಡುತ್ತದೆ. ಚಿಕ್ಕದಾಗಿ ಹಾಕಿದರೆ ಸಂದು ಮುಚ್ಚಿ ಅಕ್ಷರ ಬರೀ ಮಸಿ ಗುಡ್ಡೆ ಆಗುತ್ತದೆ. ಕವರಿನ ಅಗಲ ಪೂರ್ತಿ ಬರುವಷ್ಟು ದೊಡ್ಡದಾಗಿ ಹಾಕಿ. ಟಿ-ಶರ್ಟ್ ಮೇಲೆ ಪ್ರಿಂಟ್ ಮಾಡಿಸಿ, ಎಂಬ್ರಾಯ್ಡರಿ ಬೇಡ. ದಾರಕ್ಕೆ ಆ ಚೂಪು ತುದಿ ಬರಲ್ಲ. ಫೈಲ್ ಕಳಿಸುವಾಗ ಕರ್ವ್ಸ್ ಮಾಡಿ, ಅಂದರೆ ಅಕ್ಷರವನ್ನು ಫಾಂಟ್ ಬೇಡದ ಚಿತ್ರದ ಗೆರೆಯಾಗಿ ಬದಲಿಸಿ ಕಳಿಸಿ ಸರ್. ಇಂಥ ಫಾಂಟ್ ನಮ್ಮ ಹತ್ರ ಇರಲ್ಲ, ಕೋರಲ್ ಡ್ರಾ ಸಾಫ್ಟ್‌ವೇರ್‌ನಲ್ಲಿ ತೆರೆದ ಕೂಡಲೇ ಬೇರೆ ಅಕ್ಷರ ಬಂದು ಕೂರುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿರುವ ಕನ್ನಡಿಗರು:
ಇಲ್ಲಿ ಹಳೇ ಊಟದ ಮನೆಗಳ ಬೋರ್ಡು, ಬಿಯರ್ ಲೇಬಲ್, ಫ್ರಾಂಕ್‌ಫುರ್ಟರ್ ಆಲ್ಗೆಮೈನೆ ಪತ್ರಿಕೆಯ ತಲೆಬರಹ, ಇವೆಲ್ಲ ಈಗಲೂ ಈ ಜಾತಿಯ ಅಕ್ಷರದಲ್ಲೇ ಇವೆ. ಬೇಕರಿಗೆ ಹಾಕಿದರೆ ಯಾರೂ ಏನೂ ಅಂದುಕೊಳ್ಳಲ್ಲ. ಆದರೆ ಬಣ್ಣದ ಬಗ್ಗೆ ದಯವಿಟ್ಟು ಹುಷಾರು. ಕಪ್ಪು, ಬಿಳಿ, ಕೆಂಪು ಮೂರನ್ನೇ ಸೇರಿಸಿ ದಪ್ಪ ಫ್ರಾಕ್ಟೂರ್ ಬರೆದರೆ ತುಂಬಾ ಜನಕ್ಕೆ ನಾಜಿ ಕಾಲ ನೆನಪಾಗುತ್ತದೆ. ಟಿ-ಶರ್ಟ್ ಮೇಲಂತೂ ಇನ್ನೂ ಜಾಸ್ತಿ. ಇತಿಹಾಸ ನೋಡಿದರೆ 1941ರ ಜನವರಿಯಲ್ಲಿ ನಾಜಿಗಳೇ ಸುತ್ತೋಲೆ ಹೊರಡಿಸಿ ಈ ಅಕ್ಷರವನ್ನು ಕೈಬಿಟ್ಟರು. ಆದರೂ ಜನರ ಮನಸ್ಸಿನಲ್ಲಿ ಆ ನಂಟು ಹಾಗೇ ಉಳಿದಿದೆ. ನಿಮ್ಮ ಗಿರಾಕಿಗಳಲ್ಲಿ ಜರ್ಮನರೂ ಇರಬಹುದು ಅಲ್ವಾ? ಗೋಧಿ ಕಂದು, ಕಡು ಹಸಿರು ಇಂಥವು ಹಾಕಿ, ಚೆನ್ನಾಗಿರುತ್ತದೆ.

ಇನ್ನೊಂದು, 'ಎಫ್' ಥರ ಕಾಣುವ ಉದ್ದ 'ಎಸ್' ಕೆಲವು ಫಾಂಟ್‌ಗಳಲ್ಲಿರುತ್ತದೆ. ಇಂಗ್ಲಿಷ್ ಹೆಸರಿಗೆ ಅದನ್ನು ಹಾಕಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. 'ಎ' ಹೊಸದಾಗಿ ಬಿಡಿಸುತ್ತೇನೆ. ಬೋರ್ಡಿನಲ್ಲಿ ಶೇ. 60 ಭಾಗ ಕನ್ನಡ ಇರಬೇಕಲ್ಲ, ಕನ್ನಡ ಹೆಸರನ್ನೂ ಇದೇ ಶೈಲಿಯಲ್ಲಿ ಚೂಪಾಗಿ ಬಿಡಿಸಲಾ?

ಕನ್ನಡ ಅಕ್ಷರ ಬರೆಯುವವರು:
ಬೇಡ. ಕನ್ನಡ ಅಕ್ಷರದ ಜೀವ ಇರೋದೇ ದುಂಡಿನಲ್ಲಿ. ಅದನ್ನು ಮೂಲೆ ಮೂಲೆಯಾಗಿ ಮುರಿದರೆ 'ರ' ಯಾವುದು, 'ಠ' ಯಾವುದು ಗೊತ್ತಾಗಲ್ಲ. ರೂಪ ನಕಲು ಮಾಡಬೇಡಿ, ಪೆನ್ನು ಮಾತ್ರ ಎರವಲು ತಗೊಳ್ಳಿ. ಅದೇ ಅಗಲ ಮೂತಿಯ ಪೆನ್ನನ್ನು ಅದೇ ಓರೆಯಲ್ಲಿ ಹಿಡಿದು ಕನ್ನಡವನ್ನು ದುಂಡಾಗಿಯೇ ಬರೆಯಿರಿ. ದಪ್ಪ-ತೆಳುವಿನ ಲಯ ತಾನಾಗಿ ಹೊಂದುತ್ತದೆ. ಕೈಯಲ್ಲಿ ಬರೆಯೋಕೆ ಆಗಲ್ಲ ಅಂದರೆ ನೋಟೋ ಸೆರಿಫ್ ಕನ್ನಡ ಅನ್ನುವ ಫಾಂಟಿನ ಅತಿ ದಪ್ಪದ್ದನ್ನು ಪಕ್ಕದಲ್ಲಿಟ್ಟು ನೋಡಿ, ಅದು ಉಚಿತ. ಕನ್ನಡ ಮೇಲೆ, ದೊಡ್ಡದಾಗಿ. ಫ್ರಾಕ್ಟೂರ್ ಅದರ ಕೆಳಗೆ. ಒತ್ತಕ್ಷರ ಇಳಿಯೋಕೆ ಎರಡರ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಅದು ಕೆಳಗಿನ ಚೂಪು ತುದಿಗೆ ತಾಗುತ್ತದೆ.