ಜೋಡಿ ಬಾಗಿಲಿನ ಕದಗಳು ಕೆಳಗೆ ಸಮನಾಗಿ ಕೂಡುತ್ತಿಲ್ಲ. ಸಂದು ಎಷ್ಟು ಬಿಡಬೇಕು?

ಪ್ರಶ್ನೆ (ಧಾರವಾಡದಿಂದ)

ನಮ್ಮ ಮನೆಯ ಪಡಸಾಲೆಗೂ ಊಟದ ಕೋಣೆಗೂ ನಡುವೆ ಸಾಗುವಾನಿಯ ಜೋಡಿ ಬಾಗಿಲು ಕೂಡಿಸುತ್ತಿದ್ದೇವೆ. ಚೌಕಟ್ಟಿನ ಒಳ ಅಗಲ 1200 ಮಿ.ಮೀ., ಎತ್ತರ ಏಳು ಅಡಿ. ಕದಗಳನ್ನು ಮುಚ್ಚಿದಾಗ ಮೇಲ್ತುದಿಯಲ್ಲಿ ಎರಡರ ಮುಖವೂ ಸಮನಾಗಿರುತ್ತದೆ, ಕೆಳತುದಿಯಲ್ಲಿ ಮಾತ್ರ ಬಲಗದ ಸುಮಾರು 6 ಮಿ.ಮೀ. ಮುಂದೆ ನಿಲ್ಲುತ್ತದೆ. ನಡುವಿನ ಅಂಚುಗಳು ತುಸು ತಿಕ್ಕುತ್ತಲೂ ಇವೆ. ಅಂಚಿಗೆ ತೋಪಡಾ ಹೊಡೆದು ತುಸು ಹೆರೆದರೆ ಸರಿಹೋಗುತ್ತದೆ ಎಂದು ಬಡಿಗೇರರು ಹೇಳುತ್ತಾರೆ. ಮಳೆ ಹಿಡಿದಿರುವ ಈ ದಿನಗಳಲ್ಲಿ ಇದಕ್ಕೆ ಒಪ್ಪಬಹುದೇ?

ಉತ್ತರ 1 (ಹುಬ್ಬಳ್ಳಿ)

ದಯವಿಟ್ಟು ಈಗಲೇ ತೋಪಡಾ ಹೊಡೆಸಬೇಡಿ. ತಿಕ್ಕುವುದು ಬೇರೆ, ಮುಂದೆ ನಿಲ್ಲುವುದು ಬೇರೆ. ಎರಡನೆಯದು ಅಂಚನ್ನು ಎಷ್ಟು ಕೆತ್ತಿದರೂ ಹೋಗುವುದಿಲ್ಲ. ಮೊದಲು ಬಲಗದವನ್ನು ಬಿಚ್ಚಿ ಸಮನಾದ ನೆಲದ ಮೇಲಿಟ್ಟು, ಕದವೇ ತಿರುಚಿದೆಯೇ ಎಂದು ನೋಡಿ. ಅದು ನೆಟ್ಟಗಿದ್ದರೆ ಚೌಕಟ್ಟಿನ ಮುಂಮುಖದ ಮೇಲೆ ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಅಡ್ಡಡ್ಡ ಬಿಗಿಯಾಗಿ ಕಟ್ಟಿರಿ. ನಡುವೆ ಅವು ಒಂದನ್ನೊಂದು ಮುಟ್ಟಿಯೂ ಮುಟ್ಟದಂತಿರಬೇಕು. ಒತ್ತಿಕೊಂಡಿದ್ದರೆ ಮೇಲಿನ ದಾರವನ್ನು ಕೆಳಗೆ ತಂದು ಅಂತರವನ್ನು ಅಳೆಯಿರಿ. ಆ ಅಂತರದ ಎರಡು ಪಟ್ಟು ಚೌಕಟ್ಟಿನ ತಿರುಚು. ನಿಲುಗಂಬಗಳನ್ನು ಒಂದೊಂದಾಗಿ ತೂಗುಗುಂಡಿಗೆ ಹಿಡಿದು, ಎರಡನ್ನೂ ಜೊತೆಯಾಗಿ ನೋಡದೆ ಬಿಟ್ಟಾಗ ಇಂಥ ದೋಷ ಉಳಿಯುತ್ತದೆ.

ಉತ್ತರ 2 (ಗದಗ)

ಸಂದಿನ ಲೆಕ್ಕವನ್ನು ನಾನು ಸೇರಿಸುತ್ತೇನೆ. ಮೇಲೆ, ಎರಡು ಬದಿ ಮತ್ತು ನಡುವೆ ತಲಾ 3 ಮಿ.ಮೀ. ಬಿಡಿ. 1200ರಲ್ಲಿ ಬದಿಯ ಎರಡು ಹಾಗೂ ನಡುವಿನ ಒಂದು ಸಂದು ಸೇರಿ 9 ಕಳೆದರೆ ಪ್ರತಿ ಕದಕ್ಕೆ 595.5 ಮಿ.ಮೀ. ಬರುತ್ತದೆ. ನಡುವೆ 12 ಮಿ.ಮೀ. ರಿಬೇಟ್ (ಒಂದು ಕದದ ಅಂಚು ಇನ್ನೊಂದರ ಮೇಲೆ ಕೂಡುವಂತೆ ಕೊರೆದ ಮೆಟ್ಟಿಲು) ಕೊಡುವುದಾದರೆ ಆರಾರು ಕೂಡಿಸಿ 601.5 ಇಡಬೇಕು. ಇದನ್ನು ಮರೆತು ಕೊಯ್ದರೆ ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಕೆಳಗಿನ ಸಂದನ್ನು ಕದ ಮುಚ್ಚಿದ ಜಾಗದಲ್ಲಲ್ಲ, ಅದು ತಿರುಗುವ ದಾರಿಯಲ್ಲಿ ಫರಸಿ ಎಲ್ಲಿ ಎತ್ತರವಿದೆಯೋ ಅಲ್ಲಿ ಅಳೆದು 6 ಮಿ.ಮೀ. ಉಳಿಸಿ, ಜಮಖಾನೆ ಹಾಸುವವರಾದರೆ ಇನ್ನೂ ಹೆಚ್ಚು ಬೇಕು.

ತೇವಕ್ಕೆ ಕಟ್ಟಿಗೆ ಉಬ್ಬುವುದು ಅಡ್ಡಗಲದಲ್ಲಿ, ಉದ್ದದಲ್ಲಿ ನಗಣ್ಯ. ಧಾರವಾಡದ ಮಳೆಗಾಲದ ಥಂಡಿ ನಮ್ಮ ಗದಗಿನಂತಲ್ಲ, ಅದು ಮಲೆನಾಡಿನ ಸೆರಗು. ಈಗ ಉಬ್ಬಿದ ಕದವನ್ನು ಪೂರ್ತಿ ಸಡಿಲಾಗುವವರೆಗೆ ಕೆತ್ತಿಸಿದರೆ ಬೇಸಿಗೆಯಲ್ಲಿ ಸಂದು ಬಾಯಿ ಬಿಡುತ್ತದೆ. ಕೂಡುವ ಅಂಚಿಗೆ ಎರಡು ಡಿಗ್ರಿಯಷ್ಟು ಓರೆ ಕೊಟ್ಟರೆ, ತೆರೆಯುವಾಗ ಆಗುವ ತಿಕ್ಕಾಟ ಬಹುಪಾಲು ತಪ್ಪುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕದ ನೆಟ್ಟಗಿದೆ, ದಾರಗಳ ನಡುವೆ 3 ಮಿ.ಮೀ. ಅಂತರ ಬಂತು. ಆದರೆ ಚೌಕಟ್ಟಿನ ಸುತ್ತ ಗಿಲಾಯಿ ಮುಗಿದಿದೆ. ಮತ್ತೆ ಒಡೆಸಲೇಬೇಕೇ?

ಉತ್ತರ 1 (ಹುಬ್ಬಳ್ಳಿ)

ಬೇಕಾಗಿಲ್ಲ. 6 ಮಿ.ಮೀ. ತಿರುಚನ್ನು ನಾಲ್ಕು ಮೂಲೆಗಳ ಬಿಜಾಗರಿಗಳಿಗೆ ತಲಾ ಒಂದೂವರೆಯಂತೆ ಹಂಚಿರಿ. ಬಲಗದದ ಕೆಳಗಿನದನ್ನು ಹಿಂದಕ್ಕೆ, ಮೇಲಿನದನ್ನು ಮುಂದಕ್ಕೆ ಸರಿಸಿ. ಎಡಗದದಲ್ಲಿ ಇದಕ್ಕೆ ತಿರುಗಾಮುರುಗಾ ಮಾಡಿ. ನಡುವಿನ ಬಿಜಾಗರಿ ಇದ್ದಲ್ಲೇ ಇರಲಿ, ಆಗ ಮೂರೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಒಂದೂವರೆ ಮಿ.ಮೀ. ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ತೂತುಗಳಿಗೆ ಮಾತ್ರ ಸಾಗುವಾನಿಯ ಚಕ್ಕೆಗಳನ್ನು ಅಂಟು ಹಚ್ಚಿ ಬಡಿದು, ಒಣಗಿದ ಮೇಲೆಯೇ ಹೊಸ ತೂತು ಕೊರೆಸಿ. ಇಲ್ಲವಾದರೆ ಸ್ಕ್ರೂ ಪಕ್ಕದ ಹಳೆಯ ತೂತಿಗೇ ಜಾರಿ, ಬಿಜಾಗರಿ ಮೊದಲಿನ ಜಾಗಕ್ಕೇ ಬಂದು ಕೂಡುತ್ತದೆ.