ಎಷ್ಟು ನೀರು ಕುಡಿದರೂ ಹೋಗದ ಬ್ಯಾಕ್ಟೀರಿಯಾ: ಏನಿದು ‘ಕೂದಲು’?

ಪ್ರಶ್ನೆ (ಶಿರಸಿ): ಅಮ್ಮನಿಗೆ ಈ ವರ್ಷ ಮೂರನೇ ಸಲ ಉರಿಮೂತ್ರ. ಎಳನೀರು, ಬಾರ್ಲಿ ನೀರು, ಮುರುಗಲ ಪಾನಕ ಎಲ್ಲ ಆಯ್ತು. ರಿಪೋರ್ಟಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಡಾಕ್ಟರು ‘ಅದಕ್ಕೆ ಕೂದಲಿರುತ್ತದೆ, ಹಿಡಿದುಕೊಳ್ಳುತ್ತದೆ’ ಅಂದವರೇ ಮುಂದಿನ ಟೋಕನ್ ಕರೆದರು. ಇಷ್ಟು ನೀರು ಹರಿದರೂ ಕಿತ್ತು ಬರುವುದಿಲ್ಲವೇ?

ಉತ್ತರ (ಕಾರವಾರ, ನಿವೃತ್ತ ಲ್ಯಾಬ್ ಟೆಕ್ನೀಷಿಯನ್): ತಮ್ಮಾ, ಅದು ಕೂದಲಲ್ಲ, ಪ್ರೋಟೀನಿನ ಎಳೆ. ಫಿಂಬ್ರಿಯಾ ಅಂತಾರೆ, ದಪ್ಪ ಸುಮಾರು 7 ನ್ಯಾನೋಮೀಟರ್. ಭಟ್ಕಳ ಮಲ್ಲಿಗೆ ದಂಡೆ ನೆನೆಸಿಕೋ, ಆದರೆ ನಾರಿಲ್ಲದ್ದು: ಒಂದು ತುಣುಕಿನ ಬಾಲ ಪಕ್ಕದ್ದರ ಸೀಳಿಗೆ ಸಿಕ್ಕಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯ ತೂತಿನಿಂದ ಎಳೆಯ ತುದಿ ಮೊದಲು ಹೊರಗೆ, ಹೊಸ ತುಣುಕು ಬುಡಕ್ಕೆ ಸೇರುತ್ತಾ ಹೋಗುತ್ತದೆ. ತುದಿಯಲ್ಲಿರುವ ಫಿಮ್‌ಎಚ್ ಎಂಬ ಪ್ರೋಟೀನ್ ಮೂತ್ರಕೋಶದ ಒಳಗೋಡೆಯ ಮ್ಯಾನೋಸ್ ಸಕ್ಕರೆಯನ್ನು ಕಚ್ಚುತ್ತದೆ. ಮಜಾ ಏನೆಂದರೆ, ಹರಿವು ಜಗ್ಗಿದಾಗ ಆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಎಳೆ ಸುರುಳಿ ಸುತ್ತಿಕೊಂಡಿರುತ್ತದೆ, ಸ್ಪ್ರಿಂಗಿನಂತೆ ಬಿಚ್ಚಿ ಜಗ್ಗು ತಾಳುತ್ತದೆ. ಹಾಗಂತ ನೀರು ಕಡಿಮೆ ಮಾಡಿಸಬೇಡ, ಸಡಿಲ ಇದ್ದದ್ದನ್ನು ತೊಳೆಯುತ್ತದೆ.

ಪ್ರಶ್ನೆ ಕೇಳಿದವ: ಹಾಗಾದರೆ ಆ ಸಕ್ಕರೆಯದೇ ಪುಡಿ, ಡಿ-ಮ್ಯಾನೋಸ್, ಕುಡಿಸಿದರೆ ಬ್ಯಾಕ್ಟೀರಿಯಾ ಅದನ್ನೇ ಕಚ್ಚಿಕೊಂಡು ಹೊರಗೆ ಹೋಗುತ್ತದಲ್ಲ?

ಕಾರವಾರ: ಲೆಕ್ಕ ಚೆಂದ ಇದೆ! ಬ್ರಿಟನ್ನಿನಲ್ಲಿ 598 ಮಹಿಳೆಯರ ಮೇಲೆ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಸೋಂಕು ಮರುಕಳಿಸುವುದು ಕಡಿಮೆಯಾಗಲಿಲ್ಲ. ಕಲ್ಚರ್ ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರವೇ ಹೋಗು.

ಕುಮಟಾದಿಂದ: ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲ ಈ ಎಳೆಗಿಂತ ಬೇರೆ ಮಾರಾಯ್ರೆ, ಅದು ಗರಗರ ತಿರುಗುತ್ತದೆ. ಎಸೆದು ಎಳೆದುಕೊಳ್ಳುವ ಎಳೆಗಳೂ ಇವೆ. ಕಾಲರಾ ತರುವ ವಿಬ್ರಿಯೋ ಬ್ಯಾಕ್ಟೀರಿಯಾ ಸಿಗಡಿ, ಏಡಿ ಚಿಪ್ಪಿನ ಮೇಲೆ ಕೂತು ಸುತ್ತಲಿನ ಡಿಎನ್‌ಎ ತುಂಡನ್ನು ಹಾಗೆ ಎಳೆದುಕೊಳ್ಳುತ್ತದೆ, ಥೇಟ್ ನಮ್ಮ ರಂಪಣಿ ಬಲೆ.