ನಮ್ಮೂರು ಎಷ್ಟು ಟೈರಿನ ಗಾಡಿ?

ಭಾನುವಾರ ಬೆಳಿಗ್ಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಉಗ್ಗಾಣಿ ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದೆವು. ರೈಲ್ವೆಯ ವೀರೇಶ ಮಾತ್ರ ಮೊಬೈಲಿನಲ್ಲಿ ಸಂಬಳದ ಚೀಟಿ ನೋಡುತ್ತಾ ಮುಖ ಸಣ್ಣ ಮಾಡಿಕೊಂಡಿದ್ದ. ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿ ಎರಡು ತಿಂಗಳಾಗಿದೆ.

"4 ಸಾವಿರ ಹೋಯ್ತು" ಅಂದ.

"ಜೇಬು ಕತ್ತರಿಸಿದರಾ?" ಎರ್ರಿಸ್ವಾಮಿ ಗಾಬರಿಯಾದ. ಅವನದು ಜೀನ್ಸ್ ಹೊಲಿಯುವ ಯೂನಿಟ್ಟು. ಜೇಬಿನ ಚಿಂತೆ ಸಹಜ.

"ಮನೆ ಬಾಡಿಗೆ ಭತ್ಯೆ ಕಣೋ. ಹುಬ್ಬಳ್ಳಿ-ಧಾರವಾಡ ವೈ ಊರು. ಬೇಸಿಕ್‌ನ ನೂರಕ್ಕೆ 20 ಕೊಡ್ತಾರೆ. ಬಳ್ಳಾರಿ ಝಡ್. ನೂರಕ್ಕೆ 10 ಅಷ್ಟೇ. ನನ್ನ ಬೇಸಿಕ್ 40 ಸಾವಿರ. ನೀನೇ ಲೆಕ್ಕ ಹಾಕು."

"ವರ್ಗವಾದದ್ದಕ್ಕೆ ವರ್ಗವೇ ಇಳಿದುಹೋಯ್ತು ಅನ್ನು" ಅಂದರು ಭೂಗೋಳದ ಮೇಷ್ಟ್ರು. ನಿವೃತ್ತಿಯಾದರೂ ಇಂಥ ಮಾತಿಗೆ ರಜೆ ಇಲ್ಲ.

"ಝಡ್ ಅಂದರೆ ದೊಡ್ಡದಲ್ವಾ? ಮಂತ್ರಿಗಳಿಗೆ ಝಡ್ ಪ್ಲಸ್ ಕೊಡ್ತಾರೆ!" ಅಂದ ಎರ್ರಿಸ್ವಾಮಿ.

"ಅದು ಪೊಲೀಸರ ಝಡ್ಡು. ಇದು ಹಣಕಾಸಿನವರದ್ದು" ಅಂದ ವೀರೇಶ. ಊರಿನ ಜನಸಂಖ್ಯೆ 50 ಲಕ್ಷ ದಾಟಿದರೆ ಎಕ್ಸ್. ಅಂಥವು ದೇಶದಲ್ಲಿ 8, ನಮ್ಮಲ್ಲಿ ಬೆಂಗಳೂರೊಂದೇ. 5ರಿಂದ 50 ಲಕ್ಷದವರೆಗೆ ವೈ. ಮಿಕ್ಕಿದ್ದೆಲ್ಲ ಝಡ್. 2008ರ ತನಕ ಎ-ಒನ್, ಎ, ಬಿ-ಒನ್, ಬಿ-ಟು, ಸಿ ಅಂತೆಲ್ಲ ಮೆಟ್ಟಿಲಿದ್ದವಂತೆ. ಈಗ ಮೂರೇ. ಇಂಗ್ಲಿಷಿನ ಕೊನೇ ಅಕ್ಷರಕ್ಕೆ ಬಂದಾಗಿದೆ, ಇನ್ನು ಕೆಳಗೆ ಇಳಿಸೋಕೆ ಜಾಗ ಇಲ್ಲ ಅನ್ನೋದೇ ಸಮಾಧಾನ.

"ಕಲಬುರಗಿ ವೈ ಅಂತೆ. ನಾವ್ಯಾಕೆ ಅಲ್ಲ?" ನನಗೂ ಸ್ವಲ್ಪ ಉರಿಯಿತು.

"2011ರ ಜನಗಣತಿಯಲ್ಲಿ ನಾವು 4 ಲಕ್ಷ 10 ಸಾವಿರದ ಹತ್ತಿರ ಇದ್ದೆವು" ಅಂದರು ಮೇಷ್ಟ್ರು. "90 ಸಾವಿರ ತಲೆ ಕಮ್ಮಿ ಬಿತ್ತು."

"ಹೊಸಪೇಟೆಯನ್ನ ವಿಜಯನಗರ ಜಿಲ್ಲೆಗೆ ಕೊಟ್ಟಿದ್ದೇ ತಪ್ಪು!"

"ಲೇ, ಇದು ಊರಿನ ಲೆಕ್ಕ, ಜಿಲ್ಲೆಯದ್ದಲ್ಲ. ಅಲ್ಲದೆ ಜಿಲ್ಲೆ ಒಡೆದದ್ದು 2021ರಲ್ಲಿ."

"2011ರಲ್ಲಿ ನನಗೆ ಮದುವೆನೇ ಆಗಿರಲಿಲ್ಲ" ಎರ್ರಿಸ್ವಾಮಿ ಎದೆ ಮುಟ್ಟಿಕೊಂಡ. "ನನ್ನ ಹೆಂಡತಿ ಆಂಧ್ರದ ಲೆಕ್ಕದಲ್ಲಿದ್ದಾಳೆ. ಮಕ್ಕಳಿಬ್ಬರು ಯಾವ ಲೆಕ್ಕದಲ್ಲೂ ಇಲ್ಲ. ಆದರೂ ದಿನಾ ಚಿಪ್ಸ್ ಕೇಳ್ತಾರೆ."

ಅಷ್ಟರಲ್ಲಿ ಬ್ಯಾಂಕಿನ ಖಾಜಾ ಬಂದ. ವಿಷಯ ಕೇಳಿ ನಕ್ಕ. "ಯಾರು ಹೇಳಿದ್ದು ನಾವು ಕೊನೆ ಅಂತ? ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ 1 ಲಕ್ಷ ಜನ ಮುಟ್ಟಿದ ಊರೆಲ್ಲ ಟೈರ್ ಒನ್, ಅಂದರೆ ಮೊದಲ ಮೆಟ್ಟಿಲು. ಬಳ್ಳಾರಿ, ರಾಯಚೂರು, ಮುಂಬೈ, ಎಲ್ಲ ಒಂದೇ ಪಂಕ್ತಿ."

ವೀರೇಶನ ಕೈಲಿದ್ದ ಮಿರ್ಚಿ ಅಲ್ಲೇ ನಿಂತಿತು.

"ಮತ್ತೆ ಮೊಬೈಲ್ ಕಂಪನಿ, ಶೋರೂಮಿನವರೆಲ್ಲ ನಮ್ಮನ್ನ ಟೈರ್ ತ್ರೀ ಅಂತಾರೆ?" ಅಂದೆ.

"ಅದು ವ್ಯಾಪಾರದವರ ಲೆಕ್ಕ. ಅವರವರಿಗೆ ಬೇಕಾದಲ್ಲಿ ಅವರವರೇ ಗೆರೆ ಎಳ್ಕೊಳ್ತಾರೆ."

"ಮೂರು ಟೈರು ಅಂದರೆ ನಮ್ಮೂರು ಆಟೋ!" ಎರ್ರಿಸ್ವಾಮಿಗೆ ಖುಷಿಯಾಯಿತು. "ಸರಿಯಾಗೇ ಇದೆ. ಬೆಂಗಳೂರಿಗೆ ಒಂದೇ ಟೈರಾ? ಅದಕ್ಕೇ ಸಿಲ್ಕ್ ಬೋರ್ಡ್ ಹತ್ರ ನಿಂತ್ಕೊಂಡಿದೆ."

"ಕೊಪ್ಪಳ?" ಗವಿಸಿದ್ದ ಮೆತ್ತಗೆ ಕೇಳಿದ. ಕೊಪ್ಪಳದವನು. ಇಷ್ಟೊತ್ತು ಸುಮ್ನೆ ತಿನ್ನುತ್ತಿದ್ದ.

"70 ಸಾವಿರ ಚಿಲ್ಲರೆ ಜನ. ರಿಸರ್ವ್ ಬ್ಯಾಂಕಿನಲ್ಲಿ ಟೈರ್ ಟು."

"ಬೈಕು!" ಎಲ್ಲರೂ ಒಟ್ಟಿಗೆ ಕೂಗಿದೆವು. ಗವಿಸಿದ್ದ ಬೇಜಾರಾಗಲಿಲ್ಲ. ಆಟೋಗಿಂತ ಬೈಕು ಬೇಗ ಹೋಗುತ್ತೆ ಅಂದು ಇನ್ನೊಂದು ಮಿರ್ಚಿ ತಗೊಂಡ.

ಮೇಷ್ಟ್ರು ಚಹಾ ಲೋಟ ಕೆಳಗಿಟ್ಟರು. ಪಾಠ ಶುರುವಾಗುವ ಸೂಚನೆ ಅದು. "ಇದೆಲ್ಲ ಹೊಸದಲ್ಲಪ್ಪಾ. ಅಯ್ಯಾವೊಳೆ ಐನೂರ್ವರು ಅಂತ ಹಳೇ ಕಾಲದ ವ್ಯಾಪಾರಿ ಸಂಘ. ಅವರ ಶಾಸನಗಳಲ್ಲೇ ಗ್ರಾಮ, ನಗರ, ಖೇಡ, ಖರ್ವಡ, ಮಡಂಬ, ದ್ರೋಣಾಮುಖ, ಪುರ, ಪಟ್ಟಣ ಅಂತ ಸಾಲಾಗಿ ಬರುತ್ತೆ. ಅಲ್ಲಿ ತಲೆ ಎಣಿಸೋದಿಲ್ಲ, ನೆಲ ನೋಡ್ತಾರೆ. ನೀರಿನ ದಾರಿ, ನೆಲದ ದಾರಿ ಎರಡೂ ಇದ್ದರೆ ದ್ರೋಣಾಮುಖ. ಸುತ್ತ ಬೆಟ್ಟ ಇದ್ದರೆ ಖರ್ವಡ."

"ನಮ್ಮದು ಖರ್ವಡ!" ಅಂದೆ ಕೋಟೆ ಗುಡ್ಡದ ಕಡೆ ಕೈ ತೋರಿಸುತ್ತಾ.

"ನಮ್ಮಲ್ಲಿ ಊರಿನ ಸುತ್ತ ಗುಡ್ಡ ಅಲ್ಲ, ಗುಡ್ಡದ ಸುತ್ತ ಊರು. ಉಲ್ಟಾ ಖರ್ವಡ."

"ಅದಕ್ಕೆ ಬಾಡಿಗೆ ಭತ್ಯೆ ಎಷ್ಟು ಮೇಷ್ಟ್ರೇ?" ವೀರೇಶನ ಗಾಯ ಇನ್ನೂ ಹಸಿಯಾಗೇ ಇತ್ತು.

ಬಿಲ್ಲು ಬಂತು. ಝಡ್ ಊರಿನ ನೌಕರನನ್ನು ಕೇಳೋ ಹಾಗಿಲ್ಲ, ಟೈರ್ ಒನ್ ಅಂತ ಮೆರೆದವನೇ ಕೊಡಲಿ ಅಂತ ತೀರ್ಮಾನವಾಯಿತು. ಖಾಜಾ ಚೀಟಿ ತಿರುಗಿಸಿ ಮುರುಗಿಸಿ ನೋಡಿದ.

"ಅಣ್ಣಾ, ಸರ್ಕಾರವೇ ಇನ್ನೂ 2011ರ ಲೆಕ್ಕದಲ್ಲಿದೆ. ನಾನೂ 2011ರ ರೇಟೇ ಕೊಡ್ತೀನಿ."

ಹೋಟೆಲಿನವನು ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. "ಕೊಡಿ ಸಾರ್. ಮುಂದಿನ ವಾರ ಮಿರ್ಚಿನೂ 2011ರದ್ದೇ ಇಡ್ತೀನಿ."